ದವಾಖಾನೆ: ಹಿಂದಿಯೋ, ಅರಬ್ಬಿಯೋ?

ರಾಯಚೂರು ಕಡೆ ಕೇಳುವ ‘ದವಾಖಾನೆ’ (ಆಸ್ಪತ್ರೆ) ಎಂಬ ಪದದ ಮೂಲ ಯಾವುದೆಂದು ಟಿಪ್ಪಣಿ ಬರೆಯುವವರಿಗೆ ಗೊಂದಲವಾಗಬಹುದು. ಒಂದು ನಿಘಂಟು ‘ಹಿಂ.’ (ಹಿಂದಿ) ಎಂದೂ ಇನ್ನೊಂದು ‘ಅರ.+ಪಾರ.’ (ಅರಬ್ಬಿ+ಪಾರಸಿ) ಎಂದೂ ಕೊಟ್ಟಿರುವುದು ಜಗಳವಲ್ಲ. ಮೊದಲನೆಯದು ಪದ ಕನ್ನಡಕ್ಕೆ ಬಂದ ಬಾಗಿಲು, ಎರಡನೆಯದು ಅದರ ಹುಟ್ಟೂರು. ಮೊದಲು ಪುಸ್ತಕದ ಆರಂಭದಲ್ಲಿರುವ ಸಂಕ್ಷೇಪಗಳ ಪಟ್ಟಿ ತೆರೆಯಿರಿ. ಹಳೆಯ ನಿಘಂಟಾದರೆ ‘ಹಿಂ.’ ಎಂಬುದು ಹಿಂದುಸ್ತಾನಿಯೂ ಆಗಿರಬಹುದು, ಅದರಲ್ಲಿ ಉರ್ದುವೂ ಸೇರಿತು. ಆಮೇಲೆ ಪದವನ್ನು ಒಡೆದು ಎರಡೂ ತುಂಡುಗಳನ್ನು ಉರ್ದು ನಿಘಂಟಿನಲ್ಲಿ ಹುಡುಕಿ: ‘ದವಾ’ ಅರಬ್ಬಿ, ಔಷಧ; ‘ಖಾನಾ’ ಪಾರಸಿ, ಮನೆ. ಕಾರ್ಖಾನೆಯಲ್ಲಿರುವುದೂ ಇದೇ. ಊಟದ ‘ಖಾನಾ’ ಬೇರೆ ಪದ, ಆ ನಮೂದಿಗೆ ಹೋಗಿ ದಾರಿ ತಪ್ಪಬೇಡಿ.

ರಾಯಚೂರು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದುದರಿಂದ ಉರ್ದುವಿನ ಮೂಲಕವೇ ಬಂದಿರಬೇಕು ಎನಿಸುತ್ತದೆ. ಆದರೆ ಮರಾಠಿಯಲ್ಲೂ ‘ದವಾಖಾನಾ’ ಇದೆ. ನಮೂದೊಂದನ್ನೇ ನಂಬಿ ತೀರ್ಪು ಕೊಡಲಾಗದು. ನಿಮ್ಮ ಟಿಪ್ಪಣಿಯಲ್ಲಿ ‘ಬಹುಶಃ ಉರ್ದು ಮೂಲಕ’ ಎಂದು ಬರೆಯಿರಿ.