ಅಪ್ಪನ ಕಾರಿನ ಪೆನ್‌ಡ್ರೈವ್ ಬಗ್ಗೆ ಚಿಂತಾಮಣಿ ಊರಿನ ಓದುಗರಿಗೆ

ಅಪ್ಪನಿಗೆ ಇಷ್ಟದ ಹಾಡು ತುಂಬಿಕೊಟ್ರೆ ಹಳೇದು ಪಿಸುಗುಡುತ್ತೆ, ಹೊಸದು ಕಿವಿಗೆ ಬಡಿಯುತ್ತೆ, ಹಾಡು ಬರೋ ಸಾಲೂ ಕಲಸಿಹೋಗುತ್ತೆ ಅಂದಿದ್ದೀರಿ. ಪೆನ್‌ಡ್ರೈವ್ ಕೆಟ್ಟಿಲ್ಲ ಬಿಡಿ.

ಹಳೇ ರೆಕಾರ್ಡಿಂಗಲ್ಲಿ ಮೆಲುದನಿಗೂ ಜೋರಿಗೂ ಅಂತರ ಜಾಸ್ತಿ. ಈಚಿನವನ್ನ ಒಂದೇ ಸಮ ಒತ್ತಿ ಜೋರು ಮಾಡಿರ್ತಾರೆ. ಕಂಪ್ಯೂಟರಲ್ಲಿ ಎಂಪಿ3ಗೇನ್ ಅನ್ನೋ, ಹಾಡುಗಳ ದನಿ ಸರಿಸಮ ಮಾಡೋ ತಂತ್ರಾಂಶ ಹಾಕ್ಕೊಂಡು, ದನಿಯ ಗುರಿ 89 ಡೆಸಿಬೆಲ್ ಇಟ್ಟು, ಎಲ್ಲಾ ಹಾಡಿಗೂ ಟ್ರ್ಯಾಕ್ ಗೇನ್ (ಒಂದೊಂದು ಹಾಡನ್ನೂ ಆ ಗುರಿಗೆ ತರೋ ಆಯ್ಕೆ) ಕೊಡಿ. ಗುರಿಯನ್ನ ತೀರಾ ಏರಿಸಿದ್ರೆ ತಬಲಾ ಪೆಟ್ಟು ಒಡೆದು ಕೇಳುತ್ತೆ, ಆಗ ಹಾಡಿನ ಜೀವವೇ ಹೋಯ್ತು.

ಸಾಲು ತಪ್ಪೋದಕ್ಕೆ ಕಾರಣ, ಎಷ್ಟೋ ಕಾರ್ ಪ್ಲೇಯರ್‌ಗಳು ಹೆಸರು ನೋಡಲ್ಲ, ಕಾಪಿ ಆದ ಕ್ರಮ ನೋಡ್ತವೆ. 16 ಅಥವಾ 32 ಜಿಬಿಯ ಪೆನ್‌ಡ್ರೈವನ್ನ ಫ್ಯಾಟ್32 (ಫೈಲ್ ಜೋಡಿಸಿಡೋ ಒಂದು ವಿಧಾನ) ಆರಿಸಿ ಫಾರ್ಮ್ಯಾಟ್ ಮಾಡಿ, ಹಾಡುಗಳಿಗೆ 001, 002 ಅಂತ ಹೆಸರಿಟ್ಟು, ಒಂದಾದ ಮೇಲೆ ಒಂದು ಕಾಪಿ ಮಾಡಿ. ಪರದೆಯಲ್ಲಿ ಬರೀ ಚೌಕ ಕಂಡ್ರೆ ಫೈಲಿನ ಹೆಸರು, ಟ್ಯಾಗು (ಫೈಲೊಳಗೆ ಬರೆದಿರೋ ಹಾಡಿನ ವಿವರ) ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ.

ಇನ್ನು ಹಾಡು! ಮೊದಲನೇದು ‘ಗೀತಾ’ (1981) ಚಿತ್ರದ ‘ಜೊತೆಯಲಿ’. ಇಳಯರಾಜಾ ಸಂಗೀತಕ್ಕೆ ಮುಖ ಗಂಟಿಕ್ಕಿಕೊಂಡಿರೋಕೆ ಯಾರಿಗೂ ಆಗಲ್ಲ. ಅಣ್ಣಾವ್ರಿಗೆ ಗಾಯನದ ರಾಷ್ಟ್ರಪ್ರಶಸ್ತಿ ತಂದ, ‘ಜೀವನ ಚೈತ್ರ’ ಚಿತ್ರದ ‘ನಾದಮಯ’ವನ್ನ ಊರೊಳಗಿನ ಹಾರನ್ ಗಲಾಟೆಗೆ ಬಲಿಕೊಡಬೇಡಿ, ಖಾಲಿ ರಸ್ತೆ ಸಿಗೋ ಹೊತ್ತಿಗೆ ಬರೋ ಹಾಗೆ ಎಂಟು-ಹತ್ತು ಹಾಡಿನ ನಂತರ ಇಡಿ. ತೋಡಿ ರಾಗದ ಆ ಹಾಡಿನ ಹಿಂದೆಯೇ ಕುಣಿತದ ಹಾಡು ಬೇಡವೇ ಬೇಡ. ನಿಮ್ಮೂರಿನ ಪಕ್ಕದ ಕೈವಾರ ತಾತಯ್ಯನವರ ಒಂದು ತತ್ವಪದ ಹಾಕಿ, ಕನ್ನಡದ್ದಾದ್ರೂ ಸರಿ, ತೆಲುಗಿನದಾದ್ರೂ ಸರಿ.