ಬಳ್ಳಾರಿಯಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯ ಹೆಚ್ಚಿದೆಯೇ: ಪೊಲೀಸ್ ಅಂಕಿಅಂಶವೊಂದೇ ಸಾಕೇ?

ಬಳ್ಳಾರಿ ಜಿಲ್ಲೆಯಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯ ಹೆಚ್ಚಿದೆಯೇ ಎಂಬುದನ್ನು ಸ್ನಾತಕೋತ್ತರ ಪ್ರಬಂಧಕ್ಕೆ ಆಯ್ದುಕೊಂಡಿರುವ ತಾವು, ಪೊಲೀಸ್ ಅಂಕಿಅಂಶಗಳಷ್ಟೇ ಸಾಕೇ ಎಂದು ಕೇಳಿದ್ದೀರಿ. ರಾಯಚೂರಿನಲ್ಲಿ ಸಂಶೋಧನಾ ವಿಧಾನ ಬೋಧಿಸುವ ನನ್ನ ಉತ್ತರ, ಸಾಲದು ಎಂಬುದೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಕೋಷ್ಟಕಗಳು ಎಣಿಸುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು, ನಡೆದ ಅಪರಾಧಗಳನ್ನಲ್ಲ. ಒಂದೇ ಎಫ್‌ಐಆರ್‌ನಲ್ಲಿ ಹಲವು ಆರೋಪಗಳಿದ್ದರೆ ಅತಿ ಗಂಭೀರವಾದುದೊಂದೇ ಲೆಕ್ಕಕ್ಕೆ ಬರುತ್ತದೆ.

ತಾವು ಮೊದಲು ಗಮನಿಸಬೇಕಾದದ್ದು ಜಿಲ್ಲೆಯ ಗಡಿಯನ್ನು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಬಳ್ಳಾರಿಯಿಂದ ಹೊರಹೋದವು. ಅದರಲ್ಲೂ ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, ಆಮೇಲೆ ವಿಜಯನಗರಕ್ಕೆ ಹೋದ ತಾಲ್ಲೂಕು. ಹೀಗಿರುವಾಗ ‘ಬಳ್ಳಾರಿ’ ಎಂಬ ಸಾಲಿನಲ್ಲಿ ಸಂಖ್ಯೆ ಇಳಿದಿದ್ದರೆ ಅದನ್ನು ದೌರ್ಜನ್ಯದ ಇಳಿಕೆ ಎನ್ನಲಾಗದು. ಬಳ್ಳಾರಿ, ಸಂಡೂರು, ಸಿರುಗುಪ್ಪ, ಕಂಪ್ಲಿ, ಕುರುಗೋಡು ತಾಲ್ಲೂಕುಗಳ ಠಾಣಾವಾರು ಸಂಖ್ಯೆಗಳನ್ನು ಪಡೆದು, ಹತ್ತೂ ವರ್ಷಗಳಿಗೆ ಅದೇ ಗಡಿಯನ್ನು ಉಳಿಸಿಕೊಳ್ಳಿ. ಲಕ್ಷ ಜನಸಂಖ್ಯೆಗೆ ಇಷ್ಟು ಎಂಬ ದರವನ್ನು ಲೆಕ್ಕಹಾಕುವಾಗಲೂ 2011ರ ಜನಗಣತಿಯ ಹಳೆಯ ಜಿಲ್ಲೆಯ ಸಂಖ್ಯೆಯನ್ನು ಹಾಗೆಯೇ ಬಳಸಬೇಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿರುವುದರಿಂದ, ಗಂಡ ಅಥವಾ ಅವನ ಬಂಧುಗಳ ಕ್ರೌರ್ಯಕ್ಕೆ ಸಂಬಂಧಿಸಿದ, ಹಳೆಯ ಭಾರತೀಯ ದಂಡ ಸಂಹಿತೆಯ 498ಎ ಕಲಮಿನ ಪ್ರಕರಣಗಳನ್ನು ಆ ದಿನಾಂಕದ ನಂತರ 85ನೇ ಕಲಮಿನಲ್ಲಿ ಹುಡುಕಬೇಕಾಗುತ್ತದೆ.

ಸಮೀಕ್ಷೆಗಳನ್ನು ಬಳಸಿದರೂ ಎಚ್ಚರ ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆಂದು ಹೇಳಿದ ವಿವಾಹಿತೆಯರ ಪ್ರಮಾಣ ನಾಲ್ಕನೆಯ ಸುತ್ತಿನಲ್ಲಿ (2015-16) ಶೇ 20.6 ಇದ್ದದ್ದು ಐದನೆಯ ಸುತ್ತಿನಲ್ಲಿ (2019-21) ಶೇ 44.4ಕ್ಕೆ ಏರಿತು. ಅಷ್ಟು ಕಡಿಮೆ ಅವಧಿಯಲ್ಲಿ ಹಿಂಸೆಯೇ ಇಮ್ಮಡಿಯಾಯಿತೆಂದು ನಾನು ಬರೆಯಲಾರೆ. ಪ್ರಶ್ನೆ ಕೇಳಿದವರು ಯಾರು, ಅತ್ತೆ ಪಕ್ಕದಲ್ಲಿದ್ದರೇ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೇ ಎಂಬುದೂ ಆ ಸಂಖ್ಯೆಯೊಳಗೆ ಸೇರಿರುತ್ತದೆ, ಮತ್ತು ಠಾಣೆಯ ಲೆಕ್ಕಕ್ಕೂ ಈ ಮಾತು ಅನ್ವಯಿಸುತ್ತದೆ.

ಆದ್ದರಿಂದ ‘ಹೆಚ್ಚಿದೆಯೇ’ ಎಂಬ ಪ್ರಶ್ನೆಯನ್ನು ಬಿಟ್ಟು, ಸಿರುಗುಪ್ಪದಂತಹ ಒಂದು ತಾಲ್ಲೂಕಿನಲ್ಲಿ ಕೌಟುಂಬಿಕ ಕ್ರೌರ್ಯದ ದೂರು ಎಫ್‌ಐಆರ್‌ನಿಂದ ದೋಷಾರೋಪ ಪಟ್ಟಿಗೆ, ಅಲ್ಲಿಂದ ತೀರ್ಪಿಗೆ ಹೇಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅಧ್ಯಯನ ಮಾಡುವಂತೆ ಒತ್ತಾಯಿಸುತ್ತೇನೆ. ಅದಕ್ಕೆ ಕಡತಗಳ ಜೊತೆಗೆ ಸಂದರ್ಶನಗಳೂ ಬೇಕು. ದೂರು ನೀಡಿದ ಮಹಿಳೆಯರನ್ನು ಪೊಲೀಸರ ಮೂಲಕ ಸಂಪರ್ಕಿಸಬೇಡಿ, ಏಕೆಂದರೆ ಹಾಗೆ ಬಂದವರು ಠಾಣೆಯ ವಿರುದ್ಧ ಮಾತನಾಡುವುದು ಕಷ್ಟ. ಇನ್ನೊಂದು ವಿಷಯ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಮ್ಮ ಗಮನಕ್ಕೆ ಬಂದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಅದನ್ನು ವರದಿ ಮಾಡಲೇಬೇಕು; ಸಂಶೋಧಕರಿಗೆ ಅದರಲ್ಲಿ ವಿನಾಯಿತಿಯಿಲ್ಲ. ಗೋಪ್ಯತೆಯ ಭರವಸೆ ನೀಡುವ ಒಪ್ಪಿಗೆ ಪತ್ರದಲ್ಲಿ ಈ ಮಿತಿಯನ್ನು ಬರೆದು, ಸಂದರ್ಶನಕ್ಕೆ ಮುಂಚೆಯೇ ಓದಿ ಹೇಳಿ.