ಸಂತ ಪೌಲನ ಕುದುರೆ

ಪ್ರಶ್ನೆ: ಆನೆಗೊಂದಿಯ ಭಿತ್ತಿಚಿತ್ರಗಳನ್ನು ಕಂಡ ಮೇಲೆ ಯುರೋಪಿನ ಚಿತ್ರಗಳನ್ನೂ ನೋಡತೊಡಗಿದೆ. ಸಂತ ಪೌಲನ ಮತಾಂತರದ ಚಿತ್ರಗಳಲ್ಲಿ ಅವನು ಕುದುರೆಯಿಂದ ಬಿದ್ದಿರುತ್ತಾನೆ. ಬೈಬಲ್ಲಿನಲ್ಲಿ ಹಾಗಿದೆಯೇ?
— ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಇಲ್ಲ. ದಮಸ್ಕದ ದಾರಿಯಲ್ಲಿ ಆಕಾಶದಿಂದ ಬೆಳಕು ಹೊಳೆದು, ಅಲ್ಲಿಯವರೆಗೆ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲನು (ಪೌಲನ ಇನ್ನೊಂದು ಹೆಸರು) ನೆಲಕ್ಕೆ ಬಿದ್ದನೆಂದಷ್ಟೇ ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಕುದುರೆ ಚಿತ್ರಕಾರರ ಸೇರ್ಪಡೆ. ಮನಸ್ಸಿನೊಳಗೆ ನಡೆಯುವ ಪರಿವರ್ತನೆಯನ್ನು ಕಣ್ಣಿಗೆ ಕಾಣಿಸಬೇಕಾದವರಿಗೆ ಅಧಿಕಾರದ ಗುರುತಾದ ಕುದುರೆಯಿಂದ ಸವಾರ ಉರುಳುವುದು ಸಹಜವಾಗಿಯೇ ಒದಗಿಬಂತು. ಮೈಕೆಲಾಂಜೆಲೊ 1542ರಿಂದ 1545ರ ನಡುವೆ ವ್ಯಾಟಿಕನ್ನಿನ ಪೌಲೀನ್ ಪ್ರಾರ್ಥನಾಮಂದಿರದಲ್ಲಿ ಬಿಡಿಸಿದ ಭಿತ್ತಿಚಿತ್ರದಲ್ಲಿ ಕುದುರೆ ಬೆನ್ನು ತಿರುಗಿಸಿ ಓಡುತ್ತದೆ. ಯುವಕನಾಗಿರಬೇಕಿದ್ದ ಸೌಲ ಉದ್ದ ಗಡ್ಡದ ಮುದುಕನಾಗಿದ್ದಾನೆ. ನನಗೆ ಹೆಚ್ಚು ಆಪ್ತವಾದದ್ದು ಫ್ಲಾಂಡರ್ಸಿನ ಚಿತ್ರಕಾರ ಹಿರಿಯ ಪೀಟರ್ ಬ್ರೂಗೆಲ್ 1567ರಲ್ಲಿ ಬಿಡಿಸಿದ, ಈಗ ವಿಯೆನ್ನಾದಲ್ಲಿರುವ ಚಿತ್ರ: ಕಡಿದಾದ ಬೆಟ್ಟದ ದಾರಿಯನ್ನು ಸೈನಿಕರು ತುಂಬಿಕೊಂಡಿದ್ದು, ಬಿದ್ದಿರುವ ಸೌಲನನ್ನು ಆ ಗುಂಪಿನ ನಡುವೆ ಹುಡುಕಿಯೇ ಕಾಣಬೇಕು.